ಚಳಿಯ ಪಿಗ್ಮಿ ಕಟ್ಟುವ ಮರ

ನಮ್ಮ ಪಕ್ಕದ ಮನೆ ಕಾಂಪೌಂಡಿನಲ್ಲಿ ಒಂದು ಪ್ಲಮ್ ಗಿಡವಿದೆ. ನರ್ಸರಿಯವರು ಯುರೋಪಿನ ತಳಿ ಅಂತ ಹೇಳಿ ಮಾರಿದ್ದು. ಎಂಟು ವರ್ಷವಾದರೂ ಒಂದು ಹೂ ಬಿಟ್ಟಿಲ್ಲ. ಯಾರದೋ ಕಣ್ಣು ಬಿದ್ದಿದೆ ಅಂತ ಈಗ ಕೊಂಬೆಗೆ ಹಳೇ ಚಪ್ಪಲಿ ಕಟ್ಟಿದ್ದಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪಾಪ, ಅದು ಚಳಿಗೆ ಕಾಯುತ್ತಿದೆ.

ಮಿರಬೆಲ್ ಅನ್ನುವ ಪ್ಲಮ್ ಇದೆ. ಫ್ರಾನ್ಸಿನ ಈಶಾನ್ಯದ ಲೊರೇನ್ ಸೀಮೆಯದು. ನೆಲ್ಲಿಕಾಯಿ ಗಾತ್ರ, ಬಂಗಾರದ ಬಣ್ಣ, ಮೈಮೇಲೆ ಅಲ್ಲಲ್ಲಿ ಕೆಂಪು ಚುಕ್ಕಿ. ಸಿಹಿ ಜಾಸ್ತಿ, ಹುಳಿ ಕಮ್ಮಿ. ಬೀಜ ತಿರುಳಿನಿಂದ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಆಗಸ್ಟ್ ನಡುವಿನಿಂದ ಕೆಲವೇ ವಾರ ಸುಗ್ಗಿ. ಅಷ್ಟರಲ್ಲೇ ಜಾಮ್ ಕಾಯಿಸಬೇಕು, ಹೋಳುಗಳನ್ನು ಒತ್ತೊತ್ತಾಗಿ ಜೋಡಿಸಿ ಟಾರ್ಟ್ ಬೇಯಿಸಬೇಕು, ಬ್ರಾಂದಿಗೆ ಕೊಳೆಹಾಕಬೇಕು. 19ನೇ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಅನ್ನುವ ಪುಟ್ಟ ಕೀಟ ಅಲ್ಲಿನ ದ್ರಾಕ್ಷಿ ತೋಟಗಳನ್ನು ತಿಂದು ಹಾಕಿತು. ಆ ಜಾಗಕ್ಕೆ ಬಂದದ್ದೇ ಮಿರಬೆಲ್.

ಈ ಮರ ಲೆಕ್ಕದಲ್ಲಿ ಬಲು ಕಟ್ಟುನಿಟ್ಟು. ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ತಯಾರಾಗಿ, ಬೀಗ ಹಾಕಿಕೊಂಡು ಮಲಗುತ್ತದೆ. ಆಮೇಲೆ ಪಿಗ್ಮಿ ಶುರು. ಹೆಚ್ಚುಕಮ್ಮಿ 0ಯಿಂದ 7 ಡಿಗ್ರಿಯೊಳಗೆ ಕಳೆದ ಒಂದೊಂದು ಗಂಟೆಯೂ ಖಾತೆಗೆ ಬಿದ್ದ ಒಂದೊಂದು ರೂಪಾಯಿ. ಯುರೋಪಿನ ಎಷ್ಟೋ ಪ್ಲಮ್ ತಳಿಗಳಿಗೆ ಇಂಥ 700ರಿಂದ 1000 ಗಂಟೆ ಕೂಡಬೇಕು. ನಡುವೆ ಸೆಕೆಯಾದರೆ ಕಟ್ಟಿದ್ದರಲ್ಲೂ ಒಂದಿಷ್ಟು ಕರಗುತ್ತದೆ. ಖಾತೆ ತುಂಬಿದ ಮೇಲೆ ಬೆಚ್ಚಗಿನ ದಿನಗಳು ಬಂದರೇನೇ ಬೀಗ ತೆಗೆಯುವುದು.

ಯಾಕಿಷ್ಟು ಜಿಪುಣತನ? ಜನವರಿಯಲ್ಲಿ ನಾಲ್ಕು ದಿನ ಬಿಸಿಲು ಬಂತು ಅಂತ ಸುಮ್ನೆ ಅರಳಿಬಿಟ್ಟರೆ, ಮುಂದಿನ ವಾರದ ಹಿಮಕ್ಕೆ ಹೂವೆಲ್ಲ ಕರಕಲು. ನಮ್ಮ ರಾಗಿ ಬೆಳೆಯುವವರೂ ಒಂದು ಅಡ್ಡಮಳೆ ನಂಬಿ ಬಿತ್ತುವುದಿಲ್ಲ, ನೆಲ ಹದವಾಗಲಿ ಅಂತ ಕಾಯುತ್ತಾರೆ ಅಲ್ವಾ? ಮೊಗ್ಗಿನದೂ ಅದೇ ಬುದ್ಧಿ.

ಈಗ ಬೆಂಗಳೂರಿಗೆ ಬನ್ನಿ. ಇಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ! ಅಂಥ ಒಂದು ರಾತ್ರಿಯಿಂದ ಖಾತೆ ತುಂಬೀತೇ? ಊಟಿ, ಕೊಡೈಕೆನಾಲ್ ಕಡೆ ಪ್ಲಮ್ ಬಿಡುತ್ತದೆ. ಅಲ್ಲಿ ಚಳಿಯೂ ಜಾಸ್ತಿ, ನೆಡುವುದೂ ಕಮ್ಮಿ ಚಳಿ ಕೇಳುವ ತಳಿಗಳನ್ನು.

ಮೊನ್ನೆ ಪಕ್ಕದ ಮನೆಯ ಆಂಟಿಗೆ ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ಇನ್ನೇನು ಹಾಕ್ಲಿ?" ಅಂದರು. ಸೀಬೆ ಹಾಕಿ ಅಂದೆ. ಅದಕ್ಕೆ ನಮ್ಮೂರ ಚಳಿಯೂ ಸಾಕು, ಬಿಸಿಲೂ ಸಾಕು.