ಬಾಂಡ್ ಪೇಪರ್ ಮೇಲೆ ರಾಜಿ ಆಗಿದೆ, ಆದರೂ ಕೇಸ್ ಆಗುತ್ತಾ?

ಪ್ರಶ್ನೆ: ನರಸಾಪುರದ ಹತ್ತಿರ ನನ್ನ ಕಾರು ಒಬ್ಬರ ಬೈಕಿಗೆ ಗುದ್ದಿತು. ಅವರ ಕಾಲಿನ ಮೂಳೆ ಮುರಿಯಿತು. ಹಿರಿಯರ ಮುಂದೆ ಕೂತು ಆಸ್ಪತ್ರೆ ಖರ್ಚು ಕೊಟ್ಟೆ. 'ಮುಂದೆ ಯಾವ ಕೇಸೂ ಹಾಕುವುದಿಲ್ಲ' ಅಂತ ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಸಹಿ ಮಾಡಿದ್ದಾರೆ. ಈಗ ಪೊಲೀಸ್ ನೋಟಿಸ್ ಬಂದಿದೆ. ನನ್ನ ಮೇಲೆ ಕೇಸ್ ಆಗುತ್ತಾ?

ಉತ್ತರ: ಆಗುತ್ತೆ. ನೋಟಿಸ್ ಬಂದಿದೆ ಅಂದರೆ ಬಹುಶಃ ಎಫ್‌ಐಆರ್ ಆಗಲೇ ಆಗಿದೆ. ಇದೇ ಉತ್ತರವನ್ನು ಮುಳಬಾಗಿಲಿನವರಿಗೆ ಹೇಳಿದ್ದೇನೆ, ಮಾಲೂರಿನವರಿಗೆ ಹೇಳಿದ್ದೇನೆ, ಟೊಮೆಟೊ ಲೋಡ್ ಓಡಿಸುವವರಿಗೂ ಹೇಳಿದ್ದೇನೆ. ಎಲ್ಲರೂ ತಲೆ ಆಡಿಸಿ, ಕೊನೆಗೆ 'ಆದ್ರೆ ಬಾಂಡ್ ಪೇಪರ್ ಇದೆಯಲ್ಲ ಸಾರ್' ಅನ್ನುತ್ತಾರೆ. ಹಾಗಾಗಿ ಈ ಸಲ ಬಾಂಡ್ ಪೇಪರ್ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಯಾರಿಗೂ ಗಾಯ ಆಗದೆ ಬಂಪರ್ ಮಾತ್ರ ಜಜ್ಜಿದ್ದರೆ ಮಾತು ಬೇರೆ. ಗಾಯ ಆಗಿ ಆಸ್ಪತ್ರೆಗೆ ಹೋದರೆ ಅಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ, ಬರೆಯುತ್ತಾರೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ, ಸ್ಟೇಷನ್‌ಗೆ ಸುದ್ದಿ ಹೋಗುತ್ತೆ. ಗಾಯ ಆದವರೇ ದೂರು ಕೊಡಬೇಕು ಅಂತಿಲ್ಲ. ಅವರ ಅಣ್ಣ ಕೊಡಬಹುದು, ದಾರಿಹೋಕರು ಕೊಡಬಹುದು, ಪೊಲೀಸರೇ ದಾಖಲಿಸಬಹುದು.

ಎಫ್‌ಐಆರ್ ಆದ ಮೇಲೆ ಆ ಕೇಸ್ ನಿಮಗೂ ಬೈಕಿನವರಿಗೂ ನಡುವಿನ ಜಗಳವಲ್ಲ. ಅದು ಸರ್ಕಾರ ನಿಮ್ಮ ಮೇಲೆ ನಡೆಸುವ ಕೇಸ್. ಹಿರಿಯರ ಮುಂದೆ ನೀವಿಬ್ಬರೂ ಮಾಡಿದ್ದು, ಪಕ್ಕದ ಮನೆಯವರ ಹಸುವನ್ನು ನಿಮ್ಮನಿಮ್ಮಲ್ಲೇ ವ್ಯಾಪಾರ ಮಾಡಿಕೊಂಡ ಹಾಗೆ. ಛಾಪಾ ಕಾಗದ ನೂರರದ್ದಾದರೂ ಐನೂರರದ್ದಾದರೂ, ನೋಟರಿ ಸೀಲ್ ಒತ್ತಿಸಿದರೂ ಅಷ್ಟೇ.

ಹಾಗಾದರೆ ರಾಜಿಗೆ ಬೆಲೆಯೇ ಇಲ್ವಾ? ಇದೆ, ಆದರೆ ಜಾಗ ಬೇರೆ. ಇಂಥ ಕೇಸಿನಲ್ಲಿ ಸಾಮಾನ್ಯವಾಗಿ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ ಎರಡು ಕಲಂ ಹಾಕುತ್ತಾರೆ. ಒಂದು 281, ಅಜಾಗರೂಕ ಚಾಲನೆ: 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇನ್ನೊಂದು 125, ಅಜಾಗರೂಕತೆಯಿಂದ ಗಾಯ ಮಾಡಿದ್ದು. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯ. ಅದಕ್ಕೆ 125(ಬಿ): 3 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ 125ನ್ನು ಗಾಯ ಆದವರು ರಾಜಿ ಮಾಡಿಕೊಳ್ಳಬಹುದು, ಆದರೆ ಜಡ್ಜ್ ಮುಂದೆ, ಕೋರ್ಟಿನ ಅನುಮತಿ ಪಡೆದು. ಹಾಗೆ ಮಾಡಿದರೆ ಖುಲಾಸೆ ಆದಂತೆಯೇ. 281 ಮಾತ್ರ ರಾಜಿ ಆಗುವ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಜನ ದಂಡ ಕಟ್ಟಿ ಮುಗಿಸುತ್ತಾರೆ, ವಿಚಾರಣೆ ಎದುರಿಸುತ್ತಾರೆ, ಇಲ್ಲವೇ ರದ್ದು ಮಾಡಿ ಅಂತ ಹೈಕೋರ್ಟಿಗೆ ಹೋಗುತ್ತಾರೆ. ಪ್ರಾಣ ಹೋಗಿದ್ದರೆ 106(1) ಬರುತ್ತೆ, 5 ವರ್ಷದವರೆಗೆ ಶಿಕ್ಷೆ. ಅದಕ್ಕೂ ರಾಜಿ ಇಲ್ಲ. ('10 ವರ್ಷ ಜೈಲಂತೆ' ಅನ್ನುವ ವಾಟ್ಸಾಪ್ ಸಂದೇಶ 106(2)ರದ್ದು, ಅಂದರೆ ಪ್ರಾಣ ಹೋದಾಗ ಪೊಲೀಸರಿಗೆ ಹೇಳದೆ ಓಡಿಹೋದವರ ಬಗ್ಗೆ. 2024ರ ಜುಲೈ 1ರಂದು ಸಂಹಿತೆಯ ಉಳಿದದ್ದು ಜಾರಿಯಾದಾಗ ಆ ಭಾಗವನ್ನು ತಡೆಹಿಡಿದರು.)

ಬಾಂಡ್ ಪೇಪರ್ ಕೆಲಸಕ್ಕೆ ಬರುವುದಿಲ್ಲ ಅನ್ನುವುದಷ್ಟೇ ಅಲ್ಲ, ತಿರುಗಿ ಹೊಡೆಯಲೂಬಹುದು. ನಿಮ್ಮ ವಿಮೆ ಪಾಲಿಸಿ ತೆಗೆದು ಷರತ್ತುಗಳನ್ನು ಓದಿ. ಯಾರೂ ಓದುವುದಿಲ್ಲ, ಗೊತ್ತು. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ಹಣ ಕೊಡುತ್ತೇನೆ ಅಂತ ಮಾತು ಕೊಡಬಾರದು ಅಂತ ಅಲ್ಲಿರುತ್ತೆ. ನೀವು ತಪ್ಪು ಒಪ್ಪಿಕೊಂಡ ಹಾಗೆ, ಕಂಪನಿ ಕೊಡಬೇಕಾದ ಹಣವನ್ನು ಕೈಯಿಂದ ಕೊಟ್ಟು ಬಂದಿದ್ದೀರಿ. ನಾಳೆ ಆ ಬೈಕಿನವರು ಪರಿಹಾರಕ್ಕೆ ಮೋಟಾರು ಅಪಘಾತ ಟ್ರಿಬ್ಯುನಲ್‌ಗೆ ಹೋದರೆ ಈ ಕಾಗದ ಅವರನ್ನು ಬಾಗಿಲಲ್ಲೇ ತಡೆಯುತ್ತೆ ಅಂತ ನಂಬಬೇಡಿ. ಕೊಟ್ಟ ಹಣಕ್ಕೆ ರಸೀದಿ ಇದ್ದರೆ ಇಟ್ಟುಕೊಳ್ಳಿ, ಅದು ಉಪಯೋಗಕ್ಕೆ ಬರಬಹುದು.

ಈಗ ಮಾಡಬೇಕಾದ್ದು ಕಷ್ಟದ್ದೇನಲ್ಲ. ನೋಟಿಸ್‌ನಲ್ಲಿ ಹೇಳಿದ ದಿನ ಡಿಎಲ್, ಆರ್‌ಸಿ, ವಿಮೆ ಕಾಗದ ಹಿಡಿದು ಹೋಗಿ. ಹೋಗದೆ ತಪ್ಪಿಸಿಕೊಂಡರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ. 281, 125 ಎರಡೂ ಜಾಮೀನು ಸಿಗುವ ಕಲಂಗಳು, ಸ್ಟೇಷನ್‌ನಲ್ಲೇ ಆಗುತ್ತೆ. ಗಾಡಿಯ ತಪಾಸಣೆಗೆ ಮೋಟಾರು ವಾಹನ ನಿರೀಕ್ಷಕರು ಬರುತ್ತಾರೆ, ಅದಕ್ಕೆ ಮುಂಚೆ ರಿಪೇರಿ ಮಾಡಿಸಬೇಡಿ. ವಿಮೆ ಕಂಪನಿಗೆ ಇನ್ನೂ ತಿಳಿಸಿಲ್ಲ ಅಂದರೆ ಇವತ್ತೇ ಬರವಣಿಗೆಯಲ್ಲಿ ತಿಳಿಸಿ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಸಿಗುವ ಹಾಗೆ ನೋಡುವುದು, 24 ಗಂಟೆಯೊಳಗೆ ಪೊಲೀಸರಿಗೆ ಹೇಳುವುದು ಚಾಲಕನ ಹೊಣೆ. ಹಿರಿಯರಿಗೆ ಹೇಳಿದ್ದು ಪೊಲೀಸರಿಗೆ ಹೇಳಿದಂತಲ್ಲ.

ನೋಟಿಸ್ ಯಾವ ಕಲಮಿನದು ಅಂತ ನೀವು ಬರೆದಿಲ್ಲ. ಮೋಟಾರು ವಾಹನ ಕಾಯ್ದೆಯ 133 ಅಂತ ಇದ್ದರೆ ಅದು ಗಾಡಿ ಮಾಲೀಕರಿಗೆ: ಆವತ್ತು ಓಡಿಸುತ್ತಿದ್ದವರು ಯಾರು, ಹೇಳಿ ಅಂತ. ಇಲ್ಲಿ ಇನ್ನೊಂದು ಪ್ರಶ್ನೆ ಇದೆ. ಬರೆದು ಕೇಳುವವರಿಲ್ಲ, ಫೋನಿನಲ್ಲಿ ದನಿ ತಗ್ಗಿಸಿ ಕೇಳುತ್ತಾರೆ: 'ಮಗ ಓಡಿಸ್ತಿದ್ದ, ಲೈಸೆನ್ಸ್ ಇಲ್ಲ. ನನ್ನ ಹೆಸರು ಕೊಟ್ಟರೆ ಆಗಲ್ವಾ?' ಬೇಡ. ಟೋಲ್ ಕ್ಯಾಮೆರಾ ಇದೆ, ಅಂಗಡಿಯವರ ಸಿಸಿಟಿವಿ ಇದೆ, ಗಾಯ ಆದವರು ಮುಖ ನೋಡಿದ್ದಾರೆ. ಸುಳ್ಳು ಸಿಕ್ಕಿಬಿದ್ದರೆ ಅದೇ ಇನ್ನೊಂದು ಕೇಸ್. ಲೈಸೆನ್ಸ್ ಇಲ್ಲದವರು ಓಡಿಸಿದ್ದು ಗೊತ್ತಾದರೆ, ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ನಿಮ್ಮಿಂದ ವಸೂಲಿ ಮಾಡಿಕೊಳ್ಳಲು ವಿಮೆ ಕಂಪನಿಗೆ ಆದೇಶ ಸಿಗಬಹುದು.

ಮಗನಿಗೆ 18 ತುಂಬಿಲ್ಲ ಅಂದರೆ ಅದೇ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಇದೆ. ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. 'ನಂಗೆ ಗೊತ್ತಿಲ್ದೆ ಕೀ ತಗೊಂಡು ಹೋದ' ಅಂತ ನೀವು ಹೇಳಬಹುದು, ಆದರೆ ಅದನ್ನು ಸಾಬೀತು ಮಾಡಬೇಕಾದವರೂ ನೀವೇ. ನಿಮಗೆ ಗೊತ್ತಿದ್ದೇ ಕೊಟ್ಟಿದ್ದೀರಿ ಅಂತಲೇ ಕೋರ್ಟ್ ಮೊದಲು ಭಾವಿಸಿಕೊಳ್ಳುತ್ತೆ.