ಹೊಸ ರಸ್ತೆಗೆ ಗರಗಸ ಯಾಕೆ?

ಮುಂಬೈನಲ್ಲಿ ಸಿಮೆಂಟ್ ರಸ್ತೆ ಹಾಕಿದ ರಾತ್ರಿಯೇ ಒಂದು ವಿಚಿತ್ರ ಕೆಲಸ ನಡೆಯುತ್ತದೆ. ಕಾಂಕ್ರೀಟು ಇನ್ನೂ ಬೆಚ್ಚಗಿರುವಾಗಲೇ ಕೆಲಸಗಾರನೊಬ್ಬ ಕೈಯಲ್ಲಿ ತಳ್ಳುವ ಮೆಷಿನ್ ತರುತ್ತಾನೆ. ಅದರ ಕೆಳಗೊಂದು ದುಂಡು ಬ್ಲೇಡು, ಅಂಚಿಗೆ ವಜ್ರದ ಪುಡಿ. ನೀರು ಬಿಡುತ್ತಾ ಈ ಅಂಚಿನಿಂದ ಆ ಅಂಚಿಗೆ ರಸ್ತೆಯನ್ನು ಕೊಯ್ಯುತ್ತಾನೆ. ಸುಮಾರು ನಾಲ್ಕೂವರೆ ಮೀಟರ್ ಮುಂದೆ ಹೋಗಿ ಮತ್ತೊಂದು ಗೆರೆ.

ಬೆಳಗಾಗುವಷ್ಟರಲ್ಲಿ ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿಗೆ ವಿಡಿಯೊ ಬಂದಿರುತ್ತದೆ. “ನಿನ್ನೆ ಹಾಕಿದ ರಸ್ತೆ, ಇವತ್ತೇ ಕತ್ತರಿಸ್ತಿದ್ದಾರೆ. ನಮ್ಮ ಟ್ಯಾಕ್ಸ್ ದುಡ್ಡು!” ಅದರ ಕೆಳಗೆ ಇನ್ನೊಬ್ಬರು: “ಒಳಗೆ ಕಬ್ಬಿಣಾನೇ ಇಲ್ಲ, ನಾನೇ ನೋಡಿದೆ. ನುಂಗಿ ನೀರು ಕುಡಿದಿದ್ದಾರೆ.” ಮೂರನೆಯವರು ಮಂಗಳೂರು ಕಡೆಯವರು: “ಅಡಿಗೆ ಪ್ಲಾಸ್ಟಿಕ್ ಹಾಸಿದ್ದಾರೆ ಮಾರಾಯ್ರೆ!”

ಮೂವರೂ ಕಂಡದ್ದು ನಿಜ. ಅರ್ಥ ಮಾಡಿಕೊಂಡದ್ದು ಪೂರ್ತಿ ತಲೆಕೆಳಗು. ಈ ಊರಲ್ಲಿ ಗುತ್ತಿಗೆದಾರರನ್ನು ಬಯ್ಯಲು ಕಾರಣಗಳಿಗೇನೂ ಬರವಿಲ್ಲ. ಆದರೆ ಗರಗಸ, ಕಬ್ಬಿಣ, ಪ್ಲಾಸ್ಟಿಕ್ ಮೂರರಲ್ಲೂ ಅವರದು ತಪ್ಪಿಲ್ಲ.

ಮೊದಲು ಒಂದು ಹಳೇ ತಪ್ಪು ಕಲ್ಪನೆ. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಇಲ್ಲ, ಅದು ನೀರು ಕುಡಿದು ಗಟ್ಟಿಯಾಗುತ್ತದೆ. ಸಿಮೆಂಟಿನ ಕಣಗಳು ನೀರಿನ ಜೊತೆ ಸೇರಿ ಬೇರೆಯೇ ವಸ್ತುವಾಗುತ್ತವೆ. ಸೂಜಿಗಳಂಥ ಸೂಕ್ಷ್ಮ ಹರಳುಗಳು ಬೆಳೆದು, ಒಂದಕ್ಕೊಂದು ಹೆಣೆದು, ಮರಳನ್ನೂ ಜಲ್ಲಿಯನ್ನೂ ಹಿಡಿದುಕೊಳ್ಳುತ್ತವೆ. ಸಮುದ್ರದ ತಳದಲ್ಲಿ ಸುರಿದರೂ ಕಾಂಕ್ರೀಟ್ ಗಟ್ಟಿಯಾಗುತ್ತದೆ. 1750ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್‌ಗೆ ಎಡ್ಡಿಸ್ಟೋನ್ ಬಂಡೆಯ ಮೇಲೆ, ಅಲೆಗಳ ನಡುವೆ, ದೀಪಸ್ತಂಭ ಕಟ್ಟಬೇಕಿತ್ತು. ನೀರಲ್ಲೇ ಗಟ್ಟಿಯಾಗುವ ಸುಣ್ಣ ಹುಡುಕುತ್ತಾ ಹೋದಾಗ, ಜೇಡಿ ಬೆರೆತ ಸುಣ್ಣದ ಕಲ್ಲೇ ಆ ಕೆಲಸಕ್ಕೆ ಸರಿ ಎಂದು ಅವರಿಗೆ ಗೊತ್ತಾಯಿತು. 1824ರಲ್ಲಿ ಲೀಡ್ಸ್‌ನ ಇಟ್ಟಿಗೆ ಕೆಲಸಗಾರ ಜೋಸೆಫ್ ಆಸ್ಪ್‌ಡಿನ್ ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಎಂಬ ಹೆಸರಲ್ಲಿ ಪೇಟೆಂಟ್ ತೆಗೆದುಕೊಂಡರು.

ಹಾಗಾಗಿ ಹೊಸ ರಸ್ತೆಯ ಮೇಲೆ ಒದ್ದೆ ಗೋಣಿ ಹೊದಿಸುವುದು, ಬದು ಕಟ್ಟಿ ನೀರು ನಿಲ್ಲಿಸುವುದು ಸುಮ್ನೆ ಅಲ್ಲ. ನಮ್ಮ ನಲ್ಲಿಯಲ್ಲಿ ನೀರಿಲ್ಲ, ರಸ್ತೆಗೆ ಟ್ಯಾಂಕರ್ ನೀರು ಎಂದು ಹೊಟ್ಟೆ ಉರಿಯುವುದು ಸಹಜ. ಆದರೆ ಮೊದಲ ಒಂದೆರಡು ವಾರ ನೀರು ತಪ್ಪಿದರೆ ಮೇಲ್ಪದರ ಪುಡಿಪುಡಿಯಾಗುತ್ತದೆ. ಮಿಕ್ಸರ್ ಲಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಅದನ್ನು ತಪ್ಪದೆ ಕಟ್ಟುವವರು ಗೋಣಿ ಒಣಗಿದ್ದನ್ನು ನೋಡುವುದಿಲ್ಲವಲ್ಲ, ಸಿಟ್ಟು ಬರುವುದು ಅದಕ್ಕೆ.

ಇನ್ನು ಗರಗಸ. ಸಿಮೆಂಟು ನೀರು ಕುಡಿಯುವಾಗ ಶಾಖ ಹುಟ್ಟುತ್ತದೆ. ರಸ್ತೆ ಬಿಸಿಯಾಗಿರುವಾಗಲೇ ಗಟ್ಟಿಯಾಗುತ್ತದೆ, ರಾತ್ರಿ ತಣ್ಣಗಾಗುತ್ತಾ ಕುಗ್ಗುತ್ತದೆ. ಮುಂದೆ ಹೆಚ್ಚುವರಿ ನೀರು ಆರಿದಾಗ ಇನ್ನೂ ಸ್ವಲ್ಪ. ನೂರು ಮೀಟರ್ ಉದ್ದದ ಕಾಂಕ್ರೀಟು 20 ಡಿಗ್ರಿ ತಣ್ಣಗಾದರೆ ಸುಮಾರು 2 ಸೆಂಟಿಮೀಟರ್ ಗಿಡ್ಡವಾಗಬೇಕು. ಆದರೆ ಅಡಿಯ ನೆಲ ಅದನ್ನು ಹಿಡಿದುಕೊಂಡಿದೆ, ಸರಿಯಲು ಬಿಡುವುದಿಲ್ಲ. ಮೈ ಬಿಗಿಯುತ್ತದೆ. ಒತ್ತಿದರೆ ಕಾಂಕ್ರೀಟ್ ಆನೆ, ಎಳೆದರೆ ತೀರಾ ಬಡಪಾಯಿ: ಒತ್ತಡ ತಡೆಯುವ ಶಕ್ತಿಯ ಹತ್ತನೇ ಒಂದು ಪಾಲು ಎಳೆತವನ್ನೂ ತಡೆದರೆ ಹೆಚ್ಚು. ಅದರಲ್ಲೂ ಹುಟ್ಟಿ ಹತ್ತು ಗಂಟೆಯಾಗಿದ್ದರೆ ಕೇಳುವುದೇ ಬೇಡ. ಅದು ಬಿರುಕು ಬಿಟ್ಟೇ ಬಿಡುತ್ತದೆ. ಎಂಥ ಪ್ರಾಮಾಣಿಕ ಎಂಜಿನಿಯರ್ ಇದ್ದರೂ ತಪ್ಪಿಸಲಾರ. ಬಿರುಕು ಎಲ್ಲಿ ಬರಬೇಕು ಎಂಬುದಷ್ಟೇ ಅವನ ಕೈಯಲ್ಲಿದೆ.

ಮಾಟುಂಗದ ನಮ್ಮವರ ಹೋಟೆಲುಗಳಲ್ಲಿ ಮೈಸೂರ್ ಪಾಕ್ ಮಾಡುವುದನ್ನು ನೋಡಿ. ತಟ್ಟೆಗೆ ಸುರಿದ ತಕ್ಷಣ ಚಾಕು ಹಾಕಿದರೆ ಗೆರೆ ಮುಚ್ಚಿಕೊಳ್ಳುತ್ತದೆ, ಪಾಕ ಚಾಕುವಿಗೆ ಮೆತ್ತುತ್ತದೆ. ಪೂರ್ತಿ ಆರಿದ ಮೇಲೆ ಹಾಕಿದರೆ ಬೇಕಾದಲ್ಲಿ ತುಂಡಾಗದೆ ಅಡ್ಡಾದಿಡ್ಡಿ ಒಡೆಯುತ್ತದೆ. ನಡುವೆ ಒಂದು ಹದವಿದೆ, ಭಟ್ಟರು ಅದನ್ನು ಬೆರಳಲ್ಲಿ ಒತ್ತಿ ನೋಡಿಯೇ ಹೇಳುತ್ತಾರೆ. ಆಗ ಗೆರೆ ಎಳೆದಿಟ್ಟರೆ ಸಾಕು, ಆಮೇಲೆ ಅದೇ ಗೆರೆಯಲ್ಲಿ ಬಿಲ್ಲೆಗಳು ಬಿಡಿಸಿಕೊಳ್ಳುತ್ತವೆ. ರಸ್ತೆಯದ್ದೂ ಇದೇ ಕತೆ. ಬೇಗ ಕೊಯ್ದರೆ ಬ್ಲೇಡು ಜಲ್ಲಿಯನ್ನು ಕಿತ್ತು ಅಂಚು ಹಾಳು ಮಾಡುತ್ತದೆ. ತಡವಾದರೆ ಮೆಷಿನ್ ಬರುವ ಮೊದಲೇ ರಸ್ತೆ ತನಗೆ ತೋಚಿದಲ್ಲಿ ಸೀಳಿರುತ್ತದೆ. ಬೇಸಿಗೆಯಲ್ಲಿ ಈ ಹದ ಬೇಗ ಬರುತ್ತದೆ, ಚಳಿಯಲ್ಲಿ ನಿಧಾನ. ಆದ್ದರಿಂದಲೇ ಆತ ನಡುರಾತ್ರಿ ಎರಡು ಗಂಟೆಗೆ ನಿಮ್ಮ ನಿದ್ದೆ ಕೆಡಿಸುವುದು.

ಕೊಯ್ಯುವುದೂ ಪೂರ್ತಿ ಆಳಕ್ಕಲ್ಲ. ದಪ್ಪದ ಮೂರನೇ ಅಥವಾ ನಾಲ್ಕನೇ ಒಂದು ಭಾಗ ಸಾಕು. ಪಕ್ಕದ ಅರ್ಧ ರಸ್ತೆ ಹಾಕುವ ಮೊದಲು ಅವಕಾಶ ಸಿಕ್ಕರೆ ಬ್ಯಾರಿಕೇಡಿನ ಸಂದಿಯಿಂದ ಚಪ್ಪಡಿಯ ಬದಿಯನ್ನು ಒಮ್ಮೆ ಬಗ್ಗಿ ನೋಡಿ. ಮೇಲೆ ಮೂರು ಬೆರಳಿನಷ್ಟು ಆಳ ನೇರ ಗೆರೆ, ಅದು ಮನುಷ್ಯನದು. ಅದರ ತುದಿಯಿಂದ ಕೆಳಕ್ಕೆ ಕೂದಲೆಳೆಯಷ್ಟು ತೆಳ್ಳಗೆ, ಜಲ್ಲಿಗಳನ್ನು ಬಳಸಿಕೊಂಡು ಸೊಟ್ಟಸೊಟ್ಟಗೆ ಇಳಿದಿರುವ ಬಿರುಕು ಕಾಂಕ್ರೀಟು ತಾನೇ ಬಿಟ್ಟದ್ದು. ಹೇಳಿದಲ್ಲೇ ಬಿಟ್ಟಿದೆ! ಇದನ್ನು ನೋಡಿ ಖುಷಿಪಟ್ಟವರು ನಮ್ಮ ಬಿಲ್ಡಿಂಗಿನಲ್ಲಿ ನಾನೊಬ್ಬನೇ ಇರಬೇಕು.

ಅಡಿಯ ಪ್ಲಾಸ್ಟಿಕ್ ಹಾಳೆಯ ಗುಟ್ಟೂ ಈಗ ಬಯಲಾಯಿತು, ಅಲ್ವಾ? ಹಾಳೆ ಇದ್ದರೆ ಚಪ್ಪಡಿ ಜಾರುತ್ತದೆ, ನೆಲದ ಹಿಡಿತ ಸಡಿಲವಾಗುತ್ತದೆ, ಎಳೆತ ಕಮ್ಮಿ.

ಕಬ್ಬಿಣದ ವಿಷಯ. ಮನೆಯ ಸ್ಲ್ಯಾಬ್ ಕಂಬಗಳ ಮಧ್ಯೆ ಗಾಳಿಯಲ್ಲಿ ನಿಲ್ಲಬೇಕು, ಅದಕ್ಕೆ ಸರಳು ಬೇಕೇ ಬೇಕು. ರಸ್ತೆ ನೆಲದ ಮೇಲೆ ಮಲಗಿದೆ. ಗೆರೆ ಹಾಕಿ ಚಿಕ್ಕ ಚಿಕ್ಕ ಚಪ್ಪಡಿ ಮಾಡಿದ ಮೇಲೆ ಒಳಗೆ ಜಾಲರಿ ಬೇಕಿಲ್ಲ. ರೋಮ್‌ನ ಪ್ಯಾಂಥಿಯನ್ ಎಂಬ ಹಳೇ ದೇಗುಲದ ಕಾಂಕ್ರೀಟ್ ಗುಮ್ಮಟ 43 ಮೀಟರ್ ಅಗಲ, ಒಂದು ಸರಳೂ ಇಲ್ಲದೆ ಸುಮಾರು 1,900 ವರ್ಷ ನಿಂತಿದೆ. ಆದರೂ ರಸ್ತೆಯಲ್ಲಿ ಕಬ್ಬಿಣ ಇರುತ್ತದೆ, ಗೆರೆಯ ಕೆಳಗೆ ಮಾತ್ರ. ಡಾವೆಲ್ ಬಾರ್ ಎನ್ನುತ್ತಾರೆ. ನುಣ್ಣನೆಯ, ಹೆಬ್ಬೆರಳಿಗಿಂತ ದಪ್ಪದ ತುಂಡುಗಳು, ಒಂದು ಅರ್ಧಕ್ಕೆ ಪ್ಲಾಸ್ಟಿಕ್ ತೊಡಿಸಿರುತ್ತಾರೆ. ಚಪ್ಪಡಿ ಹಿಗ್ಗಿ ಕುಗ್ಗಲು ಅಡ್ಡಿಯಿಲ್ಲ. ಲಾರಿಯ ಚಕ್ರ ಒಂದು ಚಪ್ಪಡಿಯಿಂದ ಮುಂದಿನದಕ್ಕೆ ಹತ್ತುವಾಗ ಮಾತ್ರ ಭಾರವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ.

2002ರಲ್ಲಿ ಪೂರ್ತಿ ತೆರೆದ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಸಿಮೆಂಟಿನದು. ಅಲ್ಲಿ ಟಯರಿನಡಿ ಕೇಳಿಸುವ ಟಕ್ ಟಕ್ ಈ ಗೆರೆಗಳದೇ. ನಾಲ್ಕೂವರೆ ಮೀಟರಿಗೊಂದು ಎಂದು ಲೆಕ್ಕ ಹಾಕಿದರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ಐದು.

ಹಾಗಂತ ಎಲ್ಲ ಬಿರುಕಿಗೂ ನಾನು ವಕಾಲತ್ತು ವಹಿಸುವುದಿಲ್ಲ. 1891ರಲ್ಲಿ ಅಮೆರಿಕದ ಬೆಲ್‌ಫೌಂಟನ್ ಊರಲ್ಲಿ ಜಾರ್ಜ್ ಬಾರ್ತಲೊಮ್ಯೂ ಆ ದೇಶದ ಮೊದಲ ಕಾಂಕ್ರೀಟ್ ಬೀದಿ ಹಾಕಲು ಹೊರಟಾಗ, ಐದು ವರ್ಷ ಬಾಳುತ್ತದೆ ಎಂದು 5,000 ಡಾಲರ್ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಆ ಊರಿನ ಹಳೇ ಕಾಂಕ್ರೀಟ್ ಇವತ್ತಿಗೂ ಇದೆ. ನಮ್ಮ ಬೀದಿಯಲ್ಲಿ ಒಂದು ಮಳೆಗಾಲಕ್ಕೇ ಎರಡು ಚಪ್ಪಡಿಗಳು ನಟ್ಟನಡುವೆ ಸೀಳಿವೆ. ಗೆರೆ ಬಿಟ್ಟು ಬೇರೆಡೆ ಬಂದ ಬಿರುಕಿಗೆ ಗುತ್ತಿಗೆದಾರನೇ ಉತ್ತರ ಹೇಳಬೇಕು: ಸಾಮಾನ್ಯವಾಗಿ ಒಂದೋ ಕೊಯ್ದದ್ದು ತಡವಾಗಿದೆ, ಇಲ್ಲವೇ ಅಡಿಪಾಯ ಸರಿಯಿಲ್ಲ.

ಇನ್ನೊಂದು ಎಡವಟ್ಟು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕೊಯ್ದ ಗೆರೆಗೆ ರಬ್ಬರಿನಂತೆ ಬಗ್ಗುವ ಸೀಲೆಂಟ್ ತುಂಬಬೇಕು. ಬಿಟ್ಟರೆ ಮಳೆನೀರು ಅಡಿಗೆ ಇಳಿಯುತ್ತದೆ. ಪ್ರತಿ ಬಸ್ಸು ಹೋದಾಗಲೂ ಚಪ್ಪಡಿ ಸ್ವಲ್ಪ ಅದುಮಿಕೊಂಡು, ನೀರಿನ ಜೊತೆ ಅಡಿಯ ಮಣ್ಣನ್ನೂ ಮೇಲಕ್ಕೆ ಉಗುಳುತ್ತದೆ. ನಿಧಾನಕ್ಕೆ ಒಳಗೆ ಪೊಳ್ಳಾಗುತ್ತದೆ, ಒಂದು ದಿನ ಮೂಲೆ ಮುರಿಯುತ್ತದೆ. ಜುಲೈನಲ್ಲಿ ಗೆರೆಯ ಅಕ್ಕಪಕ್ಕ ಕೆಸರಿನ ಕಲೆ ಕಂಡರೆ, ವಾರ್ಡ್ ಆಫೀಸಿಗೆ ಕಳಿಸಬೇಕಾದ ಫೋಟೊ ಅದು.