ಅನಸ್ತೇಶಿಯಾಲಜಿಸ್ಟ್ ಅಸಿಸ್ಟೆಂಟ್: ಅಮೆರಿಕದ ಲೈಸೆನ್ಸ್ ನಿಯಮಗಳನ್ನು ಓದುವ ಬಗೆ

ಬಿಎಸ್ಸಿ ಅನಸ್ತೇಶಿಯಾ ಟೆಕ್ನಾಲಜಿ ಓದುತ್ತಿರುವ ಜೂನಿಯರ್‌ಗಳು ಪದೇ ಪದೇ ಕೇಳುವ ಪ್ರಶ್ನೆ ಇದು: "ಅಕ್ಕಾ, ನಮ್ಮ ಡಿಗ್ರಿ ಇಟ್ಕೊಂಡು ಅಮೆರಿಕದಲ್ಲಿ ಅನಸ್ತೇಶಿಯಾ ಅಸಿಸ್ಟೆಂಟ್ ಆಗಬಹುದಾ?" ನೇರವಾಗಿ ಆಗಲ್ಲ. ಯಾಕೆ ಅಂತ ತಿಳಿಯಬೇಕಾದರೆ ಅಲ್ಲಿನ ನಿಯಮಗಳನ್ನು ಒಮ್ಮೆ ಕೂತು ಓದಬೇಕು. ನಾನು ಓದಿ ಬರೆದಿಟ್ಟುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಹೆಸರು. ಅಮೆರಿಕದಲ್ಲಿ ಈ ಹುದ್ದೆಯ ಪೂರ್ತಿ ಹೆಸರು ಅನಸ್ತೇಶಿಯಾಲಜಿಸ್ಟ್ ಅಸಿಸ್ಟೆಂಟ್, ಚಿಕ್ಕದಾಗಿ ಎಎ. ಅಂದರೆ ಅರಿವಳಿಕೆ ತಜ್ಞ ಡಾಕ್ಟರ ಸಹಾಯಕ. ಹೆಸರಲ್ಲೇ ಡಾಕ್ಟರು ಕೂತಿದ್ದಾರೆ ನೋಡಿ. ಈ ಹುದ್ದೆಯ ಬಗ್ಗೆ ಯಾವ ರಾಜ್ಯದ ಕಾನೂನು ತೆಗೆದರೂ ಇದೇ ಎಳೆ ಸಿಗುತ್ತದೆ. ಎಎ ಕೆಲಸ ಮಾಡಬೇಕಾದರೆ ಒಬ್ಬ ಅರಿವಳಿಕೆ ತಜ್ಞರು ಅವರ ಹೊಣೆ ಹೊತ್ತಿರಲೇಬೇಕು.

ಹುದ್ದೆ ಹುಟ್ಟಿದ್ದೇ ಹಾಗೆ. 1960ರ ದಶಕದಲ್ಲಿ ಅಲ್ಲಿ ಅರಿವಳಿಕೆ ತಜ್ಞರ ಕೊರತೆ ಜಾಸ್ತಿ ಇತ್ತು. ಗ್ರಾವೆನ್‌ಸ್ಟೈನ್, ಸ್ಟೈನ್‌ಹೌಸ್, ವೋಲ್ಪಿಟ್ಟೊ ಎಂಬ ಮೂವರು ತಜ್ಞರು ಸೇರಿ, ಡಾಕ್ಟರ ಜೊತೆಗೇ ದುಡಿಯುವ ತರಬೇತಾದ ಸಹಾಯಕರ ಕಲ್ಪನೆ ಕೊಟ್ಟರು. 1969ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲೂ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್‌ನಲ್ಲೂ ಕೋರ್ಸ್ ಶುರುವಾಯಿತು. ಇವತ್ತು ಇದು ಡಿಗ್ರಿ ಆದ ಮೇಲೆ ಓದುವ, ಎರಡು ವರ್ಷ ಅಥವಾ ಸ್ವಲ್ಪ ಹೆಚ್ಚಿನ ಮಾಸ್ಟರ್ಸ್ ಕೋರ್ಸ್. ಕಾಲೇಜಿಗೆ ಅಲ್ಲಿನ ಮಾನ್ಯತೆ ಇರಬೇಕು. ಆಮೇಲೆ ರಾಷ್ಟ್ರಮಟ್ಟದ ಸರ್ಟಿಫಿಕೇಷನ್ ಪರೀಕ್ಷೆ. ನಮ್ಮ ಬಿಎಸ್ಸಿ ಸಾಲದೇ ಹೋಗುವುದು ಇಲ್ಲೇ.

ಪರೀಕ್ಷೆ ಪಾಸಾದರೂ ದೇಶದಲ್ಲೆಲ್ಲ ಕೆಲಸ ಮಾಡುವ ಹಾಗಿಲ್ಲ. ಅನುಮತಿ ಕೊಡುವುದು ರಾಜ್ಯ. ಫ್ಲೋರಿಡಾ, ಒಹಾಯೊ, ಕೊಲೊರಾಡೊ, ವಿಸ್ಕಾನ್ಸಿನ್‌ನಂಥ ರಾಜ್ಯಗಳಲ್ಲಿ ಎಎಗೆ ಸ್ವಂತ ಲೈಸೆನ್ಸ್ ಇದೆ. ವಾಷಿಂಗ್ಟನ್ ರಾಜ್ಯ 2024ರಲ್ಲಿ ಕಾನೂನು ಮಾಡಿತು. ಟೆಕ್ಸಸ್, ಮಿಶಿಗನ್‌ನಲ್ಲಿ ದಾರಿ ಬೇರೆ. ಅಲ್ಲಿ ಡಾಕ್ಟರು ತಮ್ಮ ಲೈಸೆನ್ಸಿನ ಬಲದ ಮೇಲೆ ಕೆಲಸವನ್ನು ಎಎಗೆ ವಹಿಸಿಕೊಡುತ್ತಾರೆ. ಕಾನೂನಿನ ಭಾಷೆಯಲ್ಲಿ ಇದು ಡೆಲಿಗೇಷನ್. ಇನ್ನು ಅನುಮತಿಯೇ ಇಲ್ಲದ ರಾಜ್ಯಗಳೂ ಇವೆ. ಅಲ್ಲಿ ಸರ್ಟಿಫಿಕೇಟ್ ಇದ್ದೂ ಕೆಲಸ ಮಾಡುವಂತಿಲ್ಲ. ರಾಜ್ಯಗಳ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಅದು ಬದಲಾಗುತ್ತಲೇ ಇರುತ್ತದೆ. ಲೈಸೆನ್ಸೋ, ಡೆಲಿಗೇಷನ್ನೋ, ಎರಡೂ ಇಲ್ಲವೋ ಅಂತ ಕೇಳಿಕೊಂಡರೆ ಸಾಕು.

ನನ್ನ ಪ್ರಕಾರ ನಿಧಾನವಾಗಿ ಓದಬೇಕಾದ ಭಾಗ ಮೇಲ್ವಿಚಾರಣೆ. ಕಾನೂನಿನ ಪದಗಳು ಒಣಗಿದ ಹಾಗೆ ಕಾಣುತ್ತವೆ. ಓಟಿ (ಆಪರೇಷನ್ ಥಿಯೇಟರ್) ಒಳಗೆ ಹೋಗಿ ನೋಡೋಣ.

ಮೂರನೇ ಓಟಿಯಲ್ಲಿ ಗಾಲ್‌ಬ್ಲಾಡರ್ ಕೇಸ್ ಇದೆ ಅಂದುಕೊಳ್ಳಿ. ಡಾಕ್ಟರು ರೋಗಿಯನ್ನು ಮೊದಲೇ ಪರೀಕ್ಷಿಸಿ, ಅರಿವಳಿಕೆಯ ಪ್ಲಾನ್ ಬರೆದಿದ್ದಾರೆ. ಎಎ ಬೆಳಿಗ್ಗೆಯೇ ಬಂದು ಮೆಷಿನ್ ಚೆಕ್ ಮಾಡಿ, ಸಿರಿಂಜುಗಳಿಗೆ ಲೇಬಲ್ ಹಚ್ಚಿಟ್ಟಿದ್ದಾರೆ. ಇಂಡಕ್ಷನ್, ಅಂದರೆ ರೋಗಿಗೆ ಅರಿವಳಿಕೆ ಕೊಟ್ಟು ಪ್ರಜ್ಞೆ ತಪ್ಪಿಸುವ ಹೊತ್ತಿಗೆ ಡಾಕ್ಟರು ರೋಗಿಯ ತಲೆಯ ಹತ್ತಿರ ನಿಂತಿರುತ್ತಾರೆ. ಎಎ ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್ ಔಷಧಿ ಕೊಟ್ಟು, ಮಾಸ್ಕ್ ಹಿಡಿದು, ಉಸಿರಾಟದ ಟ್ಯೂಬ್ ಹಾಕುತ್ತಾರೆ. ಮಾನಿಟರ್ ಮೇಲೆ ಕಾರ್ಬನ್ ಡೈಆಕ್ಸೈಡ್ ಅಲೆ ಒಂದಾದ ಮೇಲೊಂದು ಏಳುತ್ತದೆ. ಅದನ್ನು ನೋಡಿ, ಎರಡೂ ಕಡೆ ಉಸಿರು ಕೇಳಿದ ಮೇಲೆ ಡಾಕ್ಟರು ಐದನೇ ಓಟಿಗೆ ಹೋಗುತ್ತಾರೆ. ಎಎ ರೋಗಿಯ ಪಕ್ಕ ಬಿಟ್ಟು ಅಲ್ಲಾಡುವುದಿಲ್ಲ. ನಡುವೆ ಬಿಪಿ ಬಿದ್ದರೆ ಪ್ಲಾನಿನಲ್ಲಿದ್ದ ಔಷಧಿ ಕೊಟ್ಟು, ತಕ್ಷಣ ಡಾಕ್ಟರನ್ನು ಕರೆಯುತ್ತಾರೆ. ಡಾಕ್ಟರು ಆಗಾಗ ಬಂದು ನೋಡುತ್ತಾರೆ, ರೋಗಿ ಎಚ್ಚರವಾಗುವಾಗ ಮತ್ತೆ ಹಾಜರಿರುತ್ತಾರೆ, ಆಮೇಲಿನ ಆರೈಕೆಯನ್ನೂ ನೋಡಿಕೊಳ್ಳುತ್ತಾರೆ.

ಈಗ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗೆ ಅಲ್ಲಿನ ಸರ್ಕಾರ ನಡೆಸುವ ಆರೋಗ್ಯ ವಿಮೆ) ನಿಯಮ ಓದಿ. ಡಾಕ್ಟರು ಎಎ ಕೆಲಸವನ್ನು ನಿರ್ದೇಶಿಸುವ ಮೆಡಿಕಲ್ ಡೈರೆಕ್ಷನ್‌ಗೆ ಅದು ಹೇಳುವ ಏಳು ಅಂಶಗಳು: ಮುಂಚಿನ ಪರೀಕ್ಷೆ, ಪ್ಲಾನ್, ಇಂಡಕ್ಷನ್ನಿಂದ ಎಚ್ಚರವಾಗುವವರೆಗಿನ ಕಷ್ಟದ ಘಟ್ಟಗಳಲ್ಲಿ ಖುದ್ದು ಭಾಗವಹಿಸುವುದು, ತಾನು ಮಾಡದ ಕೆಲಸ ಅರ್ಹರ ಕೈಯಲ್ಲೇ ಇದೆ ಅಂತ ಖಾತ್ರಿ ಮಾಡಿಕೊಳ್ಳುವುದು, ಆಗಾಗ ಬಂದು ನೋಡುವುದು, ತುರ್ತಿಗೆ ತಕ್ಷಣ ಸಿಗುವುದು, ಆಪರೇಷನ್ ನಂತರದ ಆರೈಕೆ. ಮೇಲಿನ ಕಥೆಯಲ್ಲಿ ಎಲ್ಲವೂ ಇದ್ದವು ಅಲ್ವಾ? 1982ರ ಒಂದು ತೆರಿಗೆ ಕಾನೂನಿನ ಹೆಸರಿನಿಂದ ಇವನ್ನು ಟೆಫ್ರಾ ನಿಯಮ ಅಂತಲೂ ಕರೆಯುತ್ತಾರೆ.

ಒಬ್ಬ ಡಾಕ್ಟರು ಹೀಗೆ ಒಟ್ಟಿಗೆ ನೋಡಿಕೊಳ್ಳಬಹುದಾದದ್ದು ಹೆಚ್ಚೆಂದರೆ 4 ಕೇಸ್. ಆಗ ಹಣ ಡಾಕ್ಟರಿಗೆ ಅರ್ಧ, ಎಎಗೆ ಅರ್ಧ. ಐದಕ್ಕೆ ಹೋದರೆ ಅದು ಡೈರೆಕ್ಷನ್ ಆಗಿ ಉಳಿಯುವುದಿಲ್ಲ. ಬಿಲ್ಲಿನ ಲೆಕ್ಕದಲ್ಲಿ 'ಸೂಪರ್‌ವಿಷನ್' ಆಗಿ, ಡಾಕ್ಟರಿಗೆ ಒಂದು ಕೇಸಿಗೆ 3 ಬೇಸ್ ಯೂನಿಟ್ (ಹಣ ಲೆಕ್ಕ ಹಾಕುವ ಘಟಕ) ಮಾತ್ರ. ಇಂಡಕ್ಷನ್‌ಗೆ ಹಾಜರಿದ್ದ ದಾಖಲೆ ಇದ್ದರೆ ಇನ್ನೊಂದು. ಇಲ್ಲೇ ಗೊಂದಲ ಆಗುವುದು. ರಾಜ್ಯದ ಕಾನೂನಿನಲ್ಲಿ ಸೂಪರ್‌ವಿಷನ್ ಅಂದರೆ ಹೊಣೆಗಾರಿಕೆ, ಮೆಡಿಕೇರ್ ಬಿಲ್ಲಿನಲ್ಲಿ ಅದು ಕಡಿಮೆ ದರ್ಜೆಯ ಹಾಜರಿ. ಪದ ಒಂದೇ, ಅರ್ಥ ಎರಡು.

ಫ್ಲೋರಿಡಾ ಕಾನೂನು ಡಾಕ್ಟರು ಎಲ್ಲಿರಬೇಕು ಅಂತ ಬಿಡಿಸಿ ಹೇಳುತ್ತದೆ. ಆಪರೇಷನ್ ನಡೆಯುವ ಸರ್ಜಿಕಲ್ ಅಥವಾ ಹೆರಿಗೆ ವಿಭಾಗದಲ್ಲೇ ಇರಬೇಕು, ಕರೆದ ತಕ್ಷಣ ಸಿಗಬೇಕು. ಫೋನಿನಲ್ಲಿ ಸಿಕ್ಕರೆ ಸಾಲದು. ಈ ಸ್ಪಷ್ಟತೆ ನನಗೆ ತುಂಬಾ ಹಿಡಿಸಿತು. ಏರ್‌ವೇ (ಉಸಿರಿನ ದಾರಿ) ಕೈತಪ್ಪಿದಾಗ ಕೈಯಲ್ಲಿರುವುದು ಕೆಲವೇ ನಿಮಿಷ.

ಅರಿವಳಿಕೆ ಕೊಡಲು ತರಬೇತಾದ ನರ್ಸ್ ಅನಸ್ತೆಟಿಸ್ಟ್‌ಗಳ ವಿಷಯವನ್ನು ಇದರ ಜೊತೆ ಬೆರೆಸಬೇಡಿ. ಅವರಿಗೆ ಡಾಕ್ಟರ ಮೇಲ್ವಿಚಾರಣೆ ಬೇಕೆಂಬ ಮೆಡಿಕೇರ್ ಷರತ್ತಿನಿಂದ ರಾಜ್ಯಗಳು ಹೊರಬರಬಹುದು ಅಂತ 2001ರಲ್ಲಿ ನಿಯಮ ಬಂತು. ಹೀಗೆ ಹೊರಬಂದ ಮೊದಲ ರಾಜ್ಯ ಅಯೋವಾ. ಈ ವಿನಾಯಿತಿ ಎಎಗೆ ಅನ್ವಯಿಸುವುದೇ ಇಲ್ಲ.

ನಮ್ಮಲ್ಲಿ 2021ರ ಅಲೈಡ್ ಹೆಲ್ತ್‌ಕೇರ್ ಕಾಯಿದೆಯ ಪಟ್ಟಿಯಲ್ಲಿ ಅನಸ್ತೇಶಿಯಾ ಅಸಿಸ್ಟೆಂಟ್ ಮತ್ತು ಟೆಕ್ನಾಲಜಿಸ್ಟ್ ಅನ್ನುವ ಹೆಸರು ಇದೆ. ಅದನ್ನು ನೋಡಿಯೇ ಎಷ್ಟೋ ಜನ ಅದೂ ಅಮೆರಿಕದ ಎಎ ಹುದ್ದೆಯೂ ಒಂದೇ ಅಂದುಕೊಳ್ಳುತ್ತಾರೆ. ಕೆಲಸದಲ್ಲಿ ನಮಗೆ ಹತ್ತಿರವಾದದ್ದು ಅಲ್ಲಿನ ಅನಸ್ತೇಶಿಯಾ ಟೆಕ್ನಾಲಜಿಸ್ಟ್ ಹುದ್ದೆ. ಏಜೆಂಟರಿಗೆ ದುಡ್ಡು ಕಟ್ಟುವ ಮೊದಲು ಇದನ್ನು ದಯವಿಟ್ಟು ವಿಚಾರಿಸಿ.

ಅರ್ಥವಾಯಿತಾ ಅಂತ ನೋಡಲು ಒಂದು ಪ್ರಶ್ನೆ. ಡಾಕ್ಟರು ಮೂರು ಓಟಿ ನೋಡಿಕೊಳ್ಳುತ್ತಿದ್ದಾರೆ. ಪಕ್ಕದ ಲೇಬರ್ ವಾರ್ಡಿನಿಂದ ಹೆರಿಗೆ ನೋವಿಗೆ ಎಪಿಡ್ಯೂರಲ್ (ಬೆನ್ನಿನ ಮೂಲಕ ಕೊಡುವ ನೋವು ನಿವಾರಕ) ಬೇಕು ಅಂತ ಕರೆ ಬಂತು. ಹೋಗಬಹುದಾ? ಹೋಗಬಹುದು. ಮೆಡಿಕೇರ್ ಅನುಮತಿಸಿದ ಕೆಲವೇ ಕೆಲಸಗಳಲ್ಲಿ ಅದೂ ಒಂದು. ಅದೇ ಡಾಕ್ಟರು ಇನ್ನೊಂದು ಕಟ್ಟಡದ ಮೀಟಿಂಗಿಗೆ ಹೋದರೆ? ಆ ಕ್ಷಣದಿಂದ ಮೂರೂ ಓಟಿಗಳಲ್ಲಿ ತಕ್ಷಣ ಸಿಗುವ ಡಾಕ್ಟರು ಇಲ್ಲ.